ಬಿ ಗುಂಪಿಗೆ ಮಜ್ಜಿಗೆ ಬಡಿಸಿದ್ದು

ನಮ್ಮ ಮನೆಯಲ್ಲಿ ಕೋಳಿ ತಿನ್ನುವವರು ಯಾರೂ ಇಲ್ಲ. ಕೋಳಿಗೆ ತಿನ್ನಿಸಲು ಹೋಗಿ ಕೆಟ್ಟವನು ಮಾತ್ರ ನಾನೊಬ್ಬ ಇದ್ದೇನೆ!

ಮಗಳು ವೈಶಾಲಿ ಹೈದರಾಬಾದಿನ ಅಂಚಿನಲ್ಲಿರುವ ಪಶುವೈದ್ಯ ಕಾಲೇಜಿನಲ್ಲಿ ಬ್ರಾಯ್ಲರ್ ಕೋಳಿಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಮೆಕ್ಕೆಜೋಳ ತುಟ್ಟಿ. ಅದನ್ನು ಕಡಿಮೆ ಮಾಡಿ ತೌಡು, ಹೊಟ್ಟು ಸೇರಿಸಿದರೆ ನಾರಿನಂಶ ಹೆಚ್ಚಾಗಿ ಕೋಳಿಗೆ ಸರಿಯಾಗಿ ಅರಗುವುದಿಲ್ಲ. ಜೊತೆಗೆ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳ ಪುಡಿ ಬೆರೆಸಿದರೆ ಅರಗೀತೇ? ಇದು ಅವಳ ಪ್ರಶ್ನೆ. ಎ ಗುಂಪಿಗೆ ಪುಡಿ ಬೆರೆಸಿದ ಮೇವು, ಬಿ ಗುಂಪಿಗೆ ಬರೀ ಮೇವು. ಆರು ವಾರದ ನಂತರ ತೂಗಿ ನೋಡಬೇಕು. ಆ ತೂಕದ ಮೇಲೆ ಮಗಳ ಡಿಗ್ರಿ ನಿಂತಿತ್ತು.

ನಡುವೆ ಅವಳಿಗೆ ಡೆಂಗಿ ಜ್ವರ ಬಂತು. "ನಾ ಹೋಗ್ತೀನಿ" ಎಂದೆ. ಮೂವತ್ತೆರಡು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ನಾಲ್ಕು ಡಬ್ಬಿ ಮೇವು ಹಾಕಲು ಬಾರದೇ?

"ಅಪ್ಪಾ, ಚೀಲದ ಮ್ಯಾಲೆ ಎ, ಬಿ ಅಂತ ಬರದೈತಿ. ಅದನ್ನ ನೋಡಿ ಹಾಕು. ನಿನ್ನ ತಲಿ ಓಡಸಬ್ಯಾಡ" ಎಂದಳು ಮಗಳು, ಮಲಗಿದಲ್ಲಿಂದಲೇ.

ಮೊದಲ ದಿನ ಅಕ್ಷರಶಃ ಪಾಲಿಸಿದೆ. ಎರಡನೆಯ ದಿನ ಬಿ ಗುಂಪಿನ ಕೋಳಿಯೊಂದು ಕತ್ತು ಓರೆ ಮಾಡಿ ನನ್ನನ್ನು ನೋಡಿತು. ಮೇವಿನ ಡಬ್ಬಿ ಹಿಡಿದು ಅಲ್ಲೇ ನಿಂತೆ. ಕಲಬುರಗಿಯ ನಮ್ಮ ಬಳಗದ ಎಲ್ಲ ಮದುವೆಗಳಲ್ಲೂ ತುಪ್ಪ ಬಡಿಸುವ ಕೆಲಸ ನನ್ನದೇ. ಬೀಗರಿರಲಿ, ಬ್ಯಾಂಡಿನವರಿರಲಿ, ಎಲ್ಲರ ಎಲೆಗೂ ಒಂದೇ ಅಳತೆ. ಪಂಕ್ತಿಭೇದ ಮಾಡಿದವನೆಂಬ ಹೆಸರು ನನಗೆ ಇಂದಿಗೂ ಬಂದಿಲ್ಲ. ಅಂಥವನು ಒಂದೇ ಸೂರಿನ ಕೆಳಗೆ ಅರ್ಧ ಪಂಕ್ತಿಗೆ ಬಡಿಸಿ ಅರ್ಧ ಪಂಕ್ತಿಯನ್ನು ಬಿಡುವುದೇ?

ಮಗಳ ಪುಡಿ ಮುಟ್ಟಲಿಲ್ಲ. ಅಷ್ಟು ನಿಯತ್ತು ನನಗುಂಟು. ಮರುದಿನ ಹೈದರಾಬಾದಿನ ತಾರ್ನಾಕದಲ್ಲಿರುವ ನಮ್ಮ ಮನೆಯಿಂದ ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಬಿ ಗುಂಪಿನ ನೀರಿನ ತಟ್ಟೆಗಳಿಗೆ ಸುರಿದೆ. ಏನು ಸಂಭ್ರಮ! ಮರುದಿನ ಜೀರಿಗೆ ಪುಡಿ ಸೇರಿಸಿದೆ. ಅದರ ಮರುದಿನ ಇಂಗು. ಉಪ್ಪು ಮಾತ್ರ ಹಾಕಲಿಲ್ಲ. ಆರೋಗ್ಯದ ವಿಷಯದಲ್ಲಿ ನಾನು ಬಹಳ ಎಚ್ಚರದವನು. ಒಂದು ದಿನ ಬಸ್ಸು ಬ್ರೇಕ್ ಹಾಕಿದಾಗ ಮುಚ್ಚಳ ಹಾರಿ, ಮುಂದಿನ ಸೀಟಿನ ಪುಣ್ಯಾತ್ಮರ ಬೆನ್ನಿಗೂ ಬಡಿಸಿದ್ದಾಯಿತು.

ಹೆಂಡತಿ ಸುಶೀಲಾಗೆ ಅನುಮಾನ ಬಂತು. "ಏನ್ರಿ, ಹೆಪ್ಪಿಗೂ ಮಸರು ಉಳಿದಿಲ್ಲ. ಇಷ್ಟು ಮಜ್ಜಿಗಿ ಯಾರು ಕುಡ್ಯಾಕತ್ತಾರ?"

"ನಾನ. ಪಿತ್ತ ಭಾಳ ಆಗೈತಿ."

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಲೋಟ ಕಹಿ ಕಷಾಯ ಕುಡಿಸಿದಳು. ಬಿ ಗುಂಪಿಗಾಗಿ ಅದನ್ನೂ ಕುಡಿದೆ.

ಹತ್ತು ದಿನ ಈ ಅನ್ನಸಂತರ್ಪಣೆ ನಡೆಯಿತು. ಆಮೇಲೆ ಮಗಳು ಚೇತರಿಸಿಕೊಂಡು ಶೆಡ್ಡಿಗೆ ಮರಳಿದಳು. ಆರು ವಾರ ತುಂಬಿದ ದಿನ ಎಲ್ಲ ಕೋಳಿಗಳನ್ನೂ ತೂಗಿದಳು. ಎ ಮತ್ತು ಬಿ ಹೆಚ್ಚುಕಡಿಮೆ ಸಮಸಮ!

ಆ ಸಂಜೆ ಅವಳು ತಟ್ಟೆಯಲ್ಲಿದ್ದುದನ್ನು ಮುಟ್ಟದೆ ಕೂತಿದ್ದಳು. "ಪುಡಿ ಏನೂ ಕೆಲಸ ಮಾಡಿಲ್ಲಪಾ. ಉಪಯೋಗಿಲ್ಲ ಅಂತ ಬರದು ಕೊಡ್ತೀನಿ" ಎಂದು ಕಣ್ಣೊರೆಸಿಕೊಂಡಳು. ಸುಶೀಲಾ ನನಗೆ ಮೊಸರನ್ನ ಬಡಿಸಿದಳು. ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ.

"ವೈಶೂ, ಬಿ ಗುಂಪಿನವರಿಗೆ ನಾ ಮಜ್ಜಿಗಿ ಹಾಕೀನವಾ."

"ಎಷ್ಟು ದಿನ?"

"ಹತ್ತು. ಇಂಗು ಎಂಟು ದಿನ."

ಮಗಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಸುಶೀಲಾ ಕೇಳಿದಳು: "ಅಂದ್ರ ನಿಮ್ಮ ಪಿತ್ತ?"

"ಸುಳ್ಳು."

ಮರುದಿನ ಮಗಳ ಜೊತೆ ಅವಳ ಗೈಡ್ ಮೇಡಂ ಎದುರು ಕೈಕಟ್ಟಿ ನಿಂತೆ. "ಮಜ್ಜಿಗ ಪೋಶಾರಾ ಅಂಕಲ್?" ಮಜ್ಜಿಗೆ ಸುರಿದಿರಾ ಎಂದು ತೆಲುಗಿನಲ್ಲಿ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಜ್ಜಿಗೆಯಲ್ಲೂ ಪುಡಿಯಲ್ಲಿರುವಂಥವೇ ಜೀವಿಗಳಿರುತ್ತವಂತೆ. ಮಗಳು ಬಿ ಗುಂಪಿಗೆ ಅದೊಂದನ್ನು ಬಿಟ್ಟು ನೋಡಬೇಕೆಂದಿದ್ದಳು; ನಾನು ಅದನ್ನೇ ಕ್ಯಾನುಗಟ್ಟಲೆ ತಂದು ಸುರಿದಿದ್ದೆ! ಆದರೂ ಮೇಡಂ ಬೈಯಲಿಲ್ಲ. ಈಗಲಾದರೂ ಹೇಳಿದಿರಲ್ಲ, ಇಲ್ಲದಿದ್ದರೆ ತಪ್ಪು ಫಲಿತಾಂಶಕ್ಕೆ ಹುಡುಗಿಯ ಹೆಸರು ಅಂಟುತ್ತಿತ್ತು ಎಂದು ಹೇಳಿ, ಹೊಸ ಮರಿಗಳನ್ನು ತರಿಸಿಕೊಟ್ಟರು. ಆ ತಾಯಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನನ್ನ ಧರ್ಮಬುದ್ಧಿಗೆ ಮಗಳು ಮತ್ತೆ ಆರು ವಾರ ದುಡಿದಳು. ನನಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ನಾನಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಇಂಥ ಮಗಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಅವಳು ಮಾಡಿದ್ದು ಒಂದೇ: ಆ ಸ್ಟೀಲ್ ಕ್ಯಾನನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಳು.

ಎರಡನೆಯ ಸಲ ಎ ಗುಂಪು ಚೆನ್ನಾಗಿ ತೂಗಿತು, ಬಿ ಹಿಂದೆ ಬಿತ್ತು. ಪ್ರಬಂಧ ಪಾಸಾಯಿತು. ಮಗಳು ಅದರ ಪ್ರತಿ ತಂದು ಕೃತಜ್ಞತೆಯ ಪುಟ ತೆಗೆದು ನನ್ನ ಕೈಗಿಟ್ಟಳು. ಮೊದಲು ಮೇಡಂ ಹೆಸರು. ಆಮೇಲೆ ಕಷಾಯದ ಪ್ರಸ್ತಾಪವಿಲ್ಲದೆ ಅಮ್ಮನ ಹೆಸರು. ಕೊನೆಗೆ: 'ಎರಡನೆಯ ಪ್ರಯೋಗದ ಆರೂ ವಾರ ಶೆಡ್ಡಿನ ಕಡೆ ಸುಳಿಯದೆ ಸಹಕರಿಸಿದ ನನ್ನ ಪ್ರೀತಿಯ ತಂದೆಯವರಿಗೆ.'

ಮೂರು ಸಲ ಓದಿದೆ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಏನೂ ಮಾಡದೆ ಕೂತದ್ದಕ್ಕೆ ಸಂಬಳ ಬಂದದ್ದುಂಟು; ಧನ್ಯವಾದ ಬಂದದ್ದು ಇದೇ ಮೊದಲು!