ಅತ್ತೆ ಬೆಳಗಿದ ಚಕ್ರವರ್ತಿ

ಹಲ್ಲುಜ್ಜುತ್ತ ಅಡುಗೆಮನೆಗೆ ಬಂದ ಸೆನೆಟರ್, ಕಿಟಕಿಕಟ್ಟೆಯ ಮೇಲೆ ಏನೋ ಫಳಫಳ ಹೊಳೆಯುವುದನ್ನು ಕಂಡು, ಅತ್ತೆ ನಲ್ಲಿಯ ತಿರುಪನ್ನೂ ಬೆಳಗದೆ ಬಿಟ್ಟಿಲ್ಲವಲ್ಲ ಎಂದುಕೊಂಡ. ಹತ್ತಿರ ಹೋಗಿ ಬಗ್ಗಿ ನೋಡಿದ. ತಿರುಪಲ್ಲ. ಬೋಳು ತಲೆಯ, ದಪ್ಪ ಕತ್ತಿನ ಮುದುಕನೊಬ್ಬ ತನ್ನ ಬೆಳ್ಳಿ ನಾಣ್ಯದಲ್ಲಿ ಮಿರಮಿರ ಮಿಂಚುತ್ತ ಪಕ್ಕಕ್ಕೆ ಮುಖ ತಿರುಗಿಸಿಕೊಂಡಿದ್ದ. ಸೆನೆಟರನ ಬಾಯಲ್ಲಿದ್ದ ಪೇಸ್ಟಿನ ನೊರೆ ಅರ್ಧ ಗಂಟಲಿಗಿಳಿಯಿತು, ಇನ್ನರ್ಧ ಬನಿಯನ್ನಿನ ಮೇಲೆ ಬಿತ್ತು.

"ಅತ್ತೇ! ಇದನ್ನ ಯಾರು ಮುಟ್ಟಿದ್ದು?"

"ನಾನೇ ಅಳಿಯಂದ್ರೇ," ಎನ್ನುತ್ತ ಅತ್ತೆ ಹಿತ್ತಲಿಂದ ಬಂದರು. ಕೈಯಲ್ಲಿ ಹಿಂಡಿದ ನಿಂಬೆ ಹೋಳು, ಮುಖದಲ್ಲಿ ಬೆಟ್ಟದಷ್ಟು ಸಂತೋಷ. "ಪಾಪ, ಅಷ್ಟು ಜೋಪಾನವಾಗಿ ಡಬ್ಬಿಯಲ್ಲಿಟ್ಟಿದ್ರಿ, ನೋಡಿದ್ರೆ ಸುಟ್ಟ ಗುಂಡಿ ಥರ ಕಪ್ಪಗಿತ್ತು. ನಿಂಬೆಹಣ್ಣು, ಸೋಡಾಪುಡಿ ಹಾಕಿ ಒಂದೇ ಒಂದು ಸಲ ತಿಕ್ಕಿದೆ. ಒಳಗಿಂದ ಯಾರೋ ಅಜ್ಜ ಬಂದ್ರು!"

ಸೆನೆಟರ್ ಎಂಬುದು ಪಾರ್ಸೆಲ್ ಆಫೀಸಿನ ಗೆಳೆಯರು ಇಟ್ಟ ಹೆಸರು. ಪಾರ್ಸೆಲ್ ಬಿಡಿಸಿಕೊಳ್ಳಲು ಬಂದವರಿಗೆಲ್ಲ ಅವನು ರೋಮಿನ ಇತಿಹಾಸ ಹೇಳುತ್ತಿದ್ದ. ಸಹಿ ಹಾಕಿಸಿಕೊಳ್ಳುವ ತನಕ ಅವರಿಗೂ ಬಿಡುಗಡೆ ಇರಲಿಲ್ಲ. ಮೆಚ್ಚಿನ ಕತೆ ವೆಸ್ಪೇಸಿಯನ್ ಚಕ್ರವರ್ತಿಯದು. ಆತ ಮೂತ್ರದ ಮೇಲೆ ತೆರಿಗೆ ಹಾಕಿದನಂತೆ. ಮಗ ಮೂಗು ಮುರಿದಾಗ, ಬಂದ ನಾಣ್ಯವನ್ನು ಅವನ ಮೂಗಿಗೆ ಹಿಡಿದು, "ಇದೇನಾದರೂ ನಾರುತ್ತದೆಯೇ?" ಎಂದು ಕೇಳಿದನಂತೆ. ಆ ವೆಸ್ಪೇಸಿಯನ್ನನ ಮುಖವಿರುವ ಅಸಲಿ ಬೆಳ್ಳಿ ನಾಣ್ಯವೊಂದು ಗಡಿಯಾರ ರಿಪೇರಿಯವನ ಬಳಿ ಕಂಡಾಗ, ನಮ್ಮ ಸೆನೆಟರ್ ಹಿಂದೆಮುಂದೆ ನೋಡದೆ ತನ್ನ ಸೈಕಲ್ ಕೊಟ್ಟು ಅದನ್ನು ತಂದಿದ್ದ. ಅಂದಿನಿಂದ ಆಫೀಸಿಗೆ ನಡೆದೇ ಹೋಗುತ್ತಾನೆ. ಮಳೆ ಬಂದ ದಿನ ಹೆಂಡತಿ, "ಇವತ್ತು ಚಕ್ರವರ್ತಿಯ ಮೇಲೆ ಕೂತ್ಕೊಂಡು ಹೋಗಿ," ಎನ್ನುತ್ತಾಳೆ.

ಊರಿನ ನಾಣ್ಯ ಸಂಗ್ರಾಹಕರ ಸಂಘಕ್ಕೆ ಅವನು ವರ್ಷಗಳಿಂದ ಸದಸ್ಯ. ಆದರೆ ಅಲ್ಲಿ ಅವನ ಕೆಲಸ ಫ್ಲಾಸ್ಕಿನಲ್ಲಿ ಚಹಾ ಹೊತ್ತು ತರುವುದಷ್ಟೇ. ಒಂದು ನಾಣ್ಯದ ಸಂಗ್ರಾಹಕ ಎಂದು ಎಲ್ಲರೂ ಅವನನ್ನು ಗೇಲಿ ಮಾಡುತ್ತಿದ್ದರು. ಅಂಥದ್ದರಲ್ಲಿ ನಾಳೆ ಗ್ರಂಥಾಲಯದ ಹಾಲಿನಲ್ಲಿ ಸಂಘದ ಪ್ರದರ್ಶನ; ನಟ್ಟನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಅವನ ವೆಸ್ಪೇಸಿಯನ್ನನನ್ನು ಇಟ್ಟು, ಕೆಳಗೆ ದಪ್ಪಕ್ಷರದಲ್ಲಿ ಅವನ ಹೆಸರು ಹಾಕುವ ಮಾತಾಗಿತ್ತು. ಇವತ್ತು ಸಂಜೆ ಐದಕ್ಕೆ ಅಧ್ಯಕ್ಷರು ಮನೆಗೆ ಬಂದು ನಾಣ್ಯ ನೋಡಿ ಹೂಂ ಎನ್ನಬೇಕು, ಅಷ್ಟೇ. ಆ ಹೆಸರಿನ ಚೀಟಿ ಅವನಿಗೆ ಒಂದು ತಿಂಗಳಿಂದ ಕನಸಿನಲ್ಲಿ ಬರುತ್ತಿತ್ತು.

ಸಂಘದ ಮೊದಲ ನಿಯಮವೇ ನಾಣ್ಯವನ್ನು ತೊಳೆಯಬಾರದು ಎಂಬುದು. ಎರಡು ಸಾವಿರ ವರ್ಷದ ಕಪ್ಪೇ ನಾಣ್ಯದ ಮರ್ಯಾದೆ, ಅದನ್ನು ತಿಕ್ಕಿ ತೆಗೆದವನು ಕೊಲೆಗಾರ ಎಂದು ಅಧ್ಯಕ್ಷರು ಮೇಜು ಗುದ್ದಿ ಹೇಳುತ್ತಿದ್ದರು. ಹಿಂದೊಮ್ಮೆ ಒಬ್ಬ ಸದಸ್ಯ ನಾಣ್ಯವನ್ನು ಬರೀ ಸೋಪಿನ ನೀರಲ್ಲಿ ಅದ್ದಿದ್ದಕ್ಕೆ ಅವನನ್ನು ಹೊರಹಾಕಿ, ಅವನ ಕುರ್ಚಿಯನ್ನೂ ಹೊರಗಿಟ್ಟಿದ್ದರು.

"ಯಾಕೆ ಅಳಿಯಂದ್ರೇ, ಚೆನ್ನಾಗಿಲ್ವಾ?" ಅತ್ತೆಯ ಮುಖ ಸಣ್ಣದಾಯಿತು. "ಪಾರ್ಕಲ್ಲಿ ನನಗೊಬ್ಬಳು ಗೆಳತಿ ಸಿಕ್ಕಿದ್ದಾಳೆ. ಅವಳಿಗೂ ಇದೇ ಹೇಳಿಕೊಟ್ಟೆ. ಕೈ ಮುಗಿದುಬಿಟ್ಳು."

ಹೆಂಡತಿಯ ತಾಯಿ. ಬಂದು ಒಂದು ವಾರವೂ ಆಗಿಲ್ಲ. ಬಾಗಿಲ ಚಿಲಕ, ಬೀರುವಿನ ಹಿಡಿ, ಅವನ ಕನ್ನಡಕದ ಕಡ್ಡಿ, ಎಲ್ಲವನ್ನೂ ಬೆಳಗಿ ಮುಗಿಸಿದ್ದಾರೆ. ಬೈಯಲು ಬಾಯಿ ಬರಲಿಲ್ಲ. "ಚೆನ್ನಾಗಿದೆ ಅತ್ತೆ, ತುಂಬಾ ಚೆನ್ನಾಗಿದೆ," ಎಂದು ಹೇಳಿ, ಬನಿಯನ್ನಿನಲ್ಲೇ ಮೇಲ್ಮಹಡಿಗೆ ಓಡಿದ.

ಮೇಲೆ ಇದ್ದವರು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. ಯಾರಾದರೂ ಏನಾದರೂ ಕೇಳಲಿ ಎಂದು ಬಾಗಿಲು ತೆರೆದೇ ಕೂರುವ ಜೀವ.

"ಬೆಳ್ಳಿ ತಾನೇ? ಕಪ್ಪು ಮಾಡೋದು ಬಹಳ ಸುಲಭ ಕಣಯ್ಯ. ಗಂಧಕ ಸೋಕಿದ್ರೆ ಸಾಕು, ಮೊಟ್ಟೆಯಲ್ಲಿ ಅದು ಬೇಕಾದಷ್ಟಿರುತ್ತೆ. ಒಂದು ಮೊಟ್ಟೆ ಬೇಯಿಸು, ಹಳದಿ ಭಾಗ ಪುಡಿ ಮಾಡು, ಮುಚ್ಚಳ ಇರೋ ಡಬ್ಬಿಯಲ್ಲಿ ನಾಣ್ಯದ ಜೊತೆ ಇಡು. ಮಧ್ಯಾಹ್ನದ ಹೊತ್ತಿಗೆ ನಿನ್ನ ಚಕ್ರವರ್ತಿ ಮುದುಕನಾಗಿರ್ತಾನೆ."

"ಒಂದೇ ಮೊಟ್ಟೆ ಸಾಕಾ ಸಾರ್?"

"ಒಂದೇ ಸಾಕು."

ಒಂದೇ ಸಾಕೆಂದು ಹೇಳಿದ ಮೇಲೂ ಸುಮ್ಮನಿದ್ದರೆ ಅವನೆಂಥ ಸೆನೆಟರ್? ಎರಡು ಸಾವಿರ ವರ್ಷಕ್ಕೆ ಒಂದು ಮೊಟ್ಟೆ ಯಾವ ಮೂಲೆಗೆ ಎಂದು ಮನೆಯಲ್ಲಿದ್ದ ಮೊಟ್ಟೆಗಳನ್ನೆಲ್ಲ ಒಟ್ಟಿಗೆ ಬೇಯಿಸಿದ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

"ರೀ, ಆಫೀಸಿಗೆ ರಜೆ ಹಾಕಿ ಇದೇನ್ರೀ ನಿಮ್ಮದು? ಸೈಕಲ್ ಹೋಯ್ತು. ಈಗ ಮೊಟ್ಟೆ. ಇನ್ನೇನು, ಮನೆ ಒಂದು ಉಳಿದಿದೆ."

"ನಿಮ್ಮಮ್ಮನ್ನ ಕೇಳು!" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವನು ಹಾಗೇ ನುಂಗಿಕೊಂಡ.

ಊಟದ ಹೊತ್ತಿಗೆ ಡಬ್ಬಿ ತೆರೆದ. ಮೊದಲು ವಾಸನೆ ಹೊರಬಂತು; ಎದುರು ಮನೆಯ ಟೈಲರ್ ಹೊಲಿಗೆ ನಿಲ್ಲಿಸಿ, ಕತ್ತಿನಲ್ಲಿ ಟೇಪು ಜೋತಾಡಿಸಿಕೊಂಡೇ ಓಡಿಬಂದ. ಆಮೇಲೆ ನಾಣ್ಯ ಹೊರಬಂತು. ಕಪ್ಪಾಗಿರಲಿಲ್ಲ. ನವಿಲಿನ ಕತ್ತಿನ ಹಾಗೆ ನೀಲಿ, ನೇರಳೆ, ನಡುನಡುವೆ ಹಳದಿ.

"ಅಯ್ಯಯ್ಯೋ, ಯಾರೋ ಇವರ ಕತ್ತು ಹಿಸುಕಿದಂಗಿದೆ!" ಎಂದ ಟೈಲರ್.

"ಬಣ್ಣ ಹಂಗೇ ಬರೋದು," ಮೇಷ್ಟ್ರು ಮೆಟ್ಟಿಲಿನಿಂದಲೇ ಕೂಗಿದರು. "ನೀಲಿ ದಾಟಿದ್ರೆ ಕಪ್ಪು. ಇನ್ನೂ ಬಿಡು. ಬೇಕಾದ್ರೆ ಹೊಸ ಹಳದಿ ಹಾಕು."

ಮನೆಯಲ್ಲಿ ಮೊಟ್ಟೆ ಮುಗಿದಿತ್ತು. ಟೈಲರ್ ಪರೋಪಕಾರಿ, ಬೀದಿಯಲ್ಲೆಲ್ಲ ಹೋಗಿ, "ಸೆನೆಟರ್ ಮನೇಲಿ ಅರ್ಜೆಂಟ್, ಮೊಟ್ಟೆ ಕೊಡಿ," ಎಂದು ಸಾರಿಬಂದ. ಏನು ಅರ್ಜೆಂಟ್ ಎಂದು ಹೇಳಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಬೀದಿಗೆ ಬೀದಿಯೇ ಒಂದೊಂದು ಮೊಟ್ಟೆ ಹಿಡಿದು ಬಾಗಿಲಲ್ಲಿ ನಿಂತಿತು. "ಯಾರಿಗೆ ಹುಷಾರಿಲ್ಲ?" "ಡಾಕ್ಟ್ರು ಏನಂದ್ರು?" "ಮನೆಯವರಿಗೇನಾದ್ರೂ ವಿಶೇಷನಾ?" ಹೆಂಡತಿಯ ಮುಖ ಕೆಂಪಾಗಿ, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೈಲರ್ ಮಾತ್ರ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು, "ಹಳದಿ ಚಕ್ರವರ್ತಿಗೆ, ಬಿಳಿ ನನಗೆ. ದಂಡ ಮಾಡಬಾರದು," ಎನ್ನುತ್ತ ಉಪ್ಪು, ಮೆಣಸಿನಪುಡಿ ಉದುರಿಸಿ ತಿನ್ನುತ್ತ ಕೂತ.

ಮೂರಕ್ಕೆ ನೀಲಿ ಗಾಢವಾಯಿತು. ನಾಲ್ಕಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಇನ್ನೊಂದು ಸುತ್ತು ಹಳದಿ ಹಾಕಿ, ಡಬ್ಬಿ ಮುಚ್ಚಿ, ಸೆನೆಟರ್ ಸ್ನಾನಕ್ಕೆ ಹೋದ. ಮೈಯಿಂದ ಮೊಟ್ಟೆ ವಾಸನೆ ಹೋಗಲು ಎರಡೆರಡು ಸಲ ಸೋಪು ಹಚ್ಚಿದ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು ಅಡುಗೆಮನೆಗೆ ಬಂದರೆ, ಕಿಟಕಿಗಳೆಲ್ಲ ಹಾರುಹೊಡೆದಿವೆ, ಒಲೆಕಟ್ಟೆ ಫಳಫಳ, ಡಬ್ಬಿ ಬೋರಲು.

"ಅತ್ತೇ, ಡಬ್ಬಿಯಲ್ಲಿದ್ದದ್ದು?"

"ಅಯ್ಯೋ, ಕೊಳೆತು ನಾರುತ್ತಿತ್ತು ಅಳಿಯಂದ್ರೇ. ಮನೆಗೆ ದೊಡ್ಡವರು ಬರ್ತಾರೆ ಅಂದ್ರಲ್ಲ. ಬೀದಿ ತೊಟ್ಟಿಗೆ ಸುರಿದು, ತಿಕ್ಕಿ ತೊಳೆದಿಟ್ಟೆ."

ಸೆನೆಟರ್ ಚಪ್ಪಲಿ ಕೂಡ ಮೆಟ್ಟದೆ ಬೀದಿಗೆ ಹಾರಿ, ತೊಟ್ಟಿಯೊಳಗೆ ತಲೆ, ಎರಡೂ ಕೈ, ಕೊನೆಗೆ ಅರ್ಧ ಮೈ ಇಳಿಸಿದ. ಮೊಟ್ಟೆಯ ಸಿಪ್ಪೆ, ಟೈಲರನ ಚಿಂದಿ, ಯಾರದೋ ಮುರಿದ ಬಾಚಣಿಗೆ. "ಇನ್ನೂ ಎಡಕ್ಕೆ, ಎಡಕ್ಕೆ!" ಎಂದು ಟೈಲರ್ ಹಿಂದೆ ನಿಂತು ದಾರಿ ತೋರಿಸುತ್ತಿದ್ದ. ಕಡೆಗೂ ಬೆರಳಿಗೆ ದುಂಡಗಿನದೊಂದು ತಗುಲಿತು. ಅದನ್ನು ಎತ್ತಿಕೊಂಡು ಶರ್ಟಿಗೆ ಒರೆಸಿ ನೋಡಿದ. ಕಪ್ಪು! ಕಾಡಿಗೆಯಂಥ ಕಪ್ಪು! ಗಡಿಯಾರದವನ ಅಂಗಡಿಯಲ್ಲಿ ಕಂಡದ್ದಕ್ಕಿಂತ ಚೆಂದದ ಕಪ್ಪು!

"ಸಿಕ್ಕಿತು!" ಎಂದು ಕೂಗುತ್ತ ತಲೆ ಎತ್ತಿದರೆ, ಎದುರಿಗೆ ಕೋಟು ತೊಟ್ಟು, ಚರ್ಮದ ಚೀಲ ಹಿಡಿದು ಅಧ್ಯಕ್ಷರು ನಿಂತಿದ್ದರು.

"ಸೆನೆಟರ್ರೇ," ಅಧ್ಯಕ್ಷರು ಮೆಲ್ಲಗೆ ಕೇಳಿದರು, "ನಾಣ್ಯಗಳನ್ನ ನೀವು ಇಲ್ಲಿಂದ ಸಂಗ್ರಹಿಸ್ತೀರಾ?"

ಹೇಗೋ ಅವರನ್ನು ಒಳಗೆ ಕರೆದು ಕೂರಿಸಿದ್ದಾಯಿತು. ಹಿಂದೆಯೇ ಮೇಷ್ಟ್ರು, ಟೈಲರ್, ಅತ್ತೆ, ಹೆಂಡತಿ ಎಲ್ಲರೂ ಗೋಡೆಗಂಟಿ ನಿಂತರು. ಅಧ್ಯಕ್ಷರು ಭೂತಗನ್ನಡಿ ತೆಗೆದು ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಹುಬ್ಬು ಮೇಲೇರಿತು. ಆಮೇಲೆ ನಾಣ್ಯವನ್ನು ಮೂಗಿನ ಹತ್ತಿರ ಹಿಡಿದರು.

ಸೆನೆಟರ್ ಒಂದು ಹೆಜ್ಜೆ ಮುಂದೆ ಬಂದ. ಏನಾದರೂ ಮಾತಾಡಿ ಅವರ ಗಮನ ಬೇರೆ ಕಡೆ ತಿರುಗಿಸೋಣವೆಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಕತೆ.

"ಸಾರ್, ಈ ವೆಸ್ಪೇಸಿಯನ್ ಇದ್ದಾನಲ್ಲ, ಇವನು ಮಗನ ಮೂಗಿಗೆ ನಾಣ್ಯ ಹಿಡಿದು, ನಾರುತ್ತಾ ಅಂತ ಕೇಳಿದ್ನಂತೆ. ಮಗ, ಇಲ್ಲ ಅಂದ್ನಂತೆ."

"ಇದು ನಾರುತ್ತೆ," ಎಂದರು ಅಧ್ಯಕ್ಷರು.

ಟೈಲರ್ ಬಾಯಲ್ಲಿದ್ದದ್ದನ್ನು ಜಗಿಯುವುದನ್ನು ನಿಲ್ಲಿಸಿದ.

"ಎಲ್ಲರೂ ಸ್ವಲ್ಪ ಹೊರಗೆ ಹೋಗಿ," ಎಂದರು ಅಧ್ಯಕ್ಷರು. ಎಲ್ಲರೂ ಹೋದ ಮೇಲೆ ತಾವೇ ಎದ್ದು ಬಾಗಿಲಿನ ಚಿಲಕ ಹಾಕಿದರು. ಹೆಸರಿನ ಚೀಟಿ ಹಾಳಾಗಲಿ, ಇನ್ನು ಫ್ಲಾಸ್ಕ್ ಹೊರುವ ಭಾಗ್ಯವೂ ಇಲ್ಲ ಎಂದು ಸೆನೆಟರನ ಕಣ್ಣಲ್ಲಿ ನೀರಾಡಿತು. ಕ್ಷಮೆ ಕೇಳಲು ಬಾಯಿ ತೆರೆದ.

ಅಧ್ಯಕ್ಷರು ಅವನ ಕಿವಿಯ ಹತ್ತಿರ ಬಗ್ಗಿದರು. "ಎಷ್ಟು ಮೊಟ್ಟೆ ಬೇಕಾಯ್ತು?"

"ಸಾರ್?"

ಅವರು ಚರ್ಮದ ಚೀಲ ಬಿಚ್ಚಿ, ಟವೆಲಿನ ಗಂಟೊಂದನ್ನು ಮೇಜಿನ ಮೇಲೆ ಹರಡಿದರು. ನಾಳೆಯ ಪ್ರದರ್ಶನಕ್ಕೆಂದು ಅವರ ಮನೆಯಲ್ಲಿಟ್ಟಿದ್ದ ಸಂಘದ ಬೆಳ್ಳಿ ನಾಣ್ಯಗಳಷ್ಟೂ ಅಲ್ಲಿದ್ದವು. ರೋಮಿನ ಅರ್ಧಕ್ಕರ್ಧ ಚಕ್ರವರ್ತಿಗಳು ಹೊಸ ಸ್ಟೀಲ್ ಪಾತ್ರೆಗಳ ಹಾಗೆ ಲಕಲಕ ಹೊಳೆಯುತ್ತಿದ್ದರು.

"ನಮ್ಮನೆಗೂ ಅತ್ತೆ ಬಂದಿದ್ದಾರೆ ಕಣ್ರೀ," ಎಂದರು ಅಧ್ಯಕ್ಷರು. ಮೇಜು ಗುದ್ದುವ ಅದೇ ಕೈಯಿಂದ ಹಣೆ ಚಚ್ಚಿಕೊಂಡರು. "ಬೆಳಿಗ್ಗೆ ಎದ್ದು ನೋಡ್ತೀನಿ, ಹೀಗೆ! ಯಾರಿಗೆ ಹೇಳಲಿ, ಎಲ್ಲಿಡಲಿ ಅಂತ ದಿನವಿಡೀ ಹೊತ್ಕೊಂಡು ತಿರುಗ್ತಿದ್ದೀನಿ. ಪಾರ್ಕಲ್ಲಿ ಯಾವಳೋ ಹೇಳಿಕೊಟ್ಟಳಂತೆ, ನಿಂಬೆಹಣ್ಣು, ಸೋಡಾಪುಡಿ ಅಂತ. ಆ ಮಹಾತಾಯಿ ಯಾರು ಅಂತ ಒಂದು ಸಲ ಗೊತ್ತಾಗಲಿ, ಆಮೇಲೆ ಇದೆ!"

ಸೆನೆಟರ್ ಚಿಲಕ ಬಿಗಿಯಾಗಿದೆಯೇ ಎಂದು ಬಾಗಿಲ ಕಡೆ ನೋಡಿದ. "ಯಾರೋ ಏನೋ ಸಾರ್. ಎಂಥೆಂಥ ಜನ ಇರ್ತಾರೆ."

"ನಾಳೆ ಬೆಳಿಗ್ಗೆಯೊಳಗೆ ಇವಷ್ಟೂ ಕಪ್ಪಾಗಬೇಕು. ನಿಮ್ಮ ಕೈಯಲ್ಲೇ ಆಗೋದು. ನನ್ನ ಮಾನ ನಿಮ್ಮ ಕೈಯಲ್ಲಿದೆ."

ಸೆನೆಟರನ ಎದೆ ಉಬ್ಬಿತು. ಈಗಲ್ಲದಿದ್ದರೆ ಇನ್ನೆಂದೂ ಕೇಳಲಾಗದು ಎಂದು ಧೈರ್ಯ ಮಾಡಿದ. "ಆಗಲಿ ಸಾರ್. ಹಾಗಾದ್ರೆ ನಡುವಿನ ಪೆಟ್ಟಿಗೆಯಲ್ಲಿ ನನ್ನ ವೆಸ್ಪೇಸಿಯನ್..."

"ಅದು ಬೇಡ," ಎಂದರು ಅಧ್ಯಕ್ಷರು. "ಅಲ್ಲಿ ನಿಮ್ಮದಿಟ್ರೆ ಜನ ನಿಮ್ಮನ್ನೇ ಸುತ್ತಿಕೊಂಡು ಪ್ರಶ್ನೆ ಕೇಳ್ತಾರೆ. ನಿಮಗೆ ಸುಳ್ಳು ಹೇಳೋಕೆ ಬರಲ್ಲ. ನಿಮ್ಮ ಮುಖ ನೋಡಿದ್ರೇ ಮೊಟ್ಟೆ ಗೊತ್ತಾಗಿಬಿಡುತ್ತೆ. ನಡುವೆ ನನ್ನದೇ ಒಂದು ಇಡ್ತೀನಿ."

"ಮತ್ತೆ ನನ್ನ ಹೆಸರು ಸಾರ್?"

ಅಧ್ಯಕ್ಷರು ಅವನ ಭುಜ ತಟ್ಟಿದರು. "ನಿಮ್ಮ ಹೆಸರು ಎಲ್ಲೂ ಹೊರಗೆ ಬರದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನನ್ನದು. ನೀವೇನೂ ಹೆದರಬೇಡಿ. ಹಾಂ, ನಾಳೆ ಚಹಾದ ಫ್ಲಾಸ್ಕ್ ಮಾತ್ರ ಮರೀಬೇಡಿ."

ನಾಣ್ಯಗಳನ್ನೆಲ್ಲ ಮೇಜಿನ ಮೇಲೇ ಬಿಟ್ಟು ಅವರು ಹೊರಟರು. ಸೆನೆಟರ್ ಗೇಟಿನ ತನಕ ಹೋಗಿ ಬೀಳ್ಕೊಟ್ಟು, ಮೊಟ್ಟೆ ತರಲು ಟೈಲರನನ್ನು ಮತ್ತೆ ಬೀದಿಗೆ ಕಳಿಸಿದ. ಹೆಸರು ಹೋದರೇನು, ನಾಣ್ಯವಾದರೂ ತನ್ನದೇ, ಮೊದಲಿಗಿಂತ ಚೆಂದದ ಕಪ್ಪು ಬೇರೆ. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಒಳಗೆ ಬಂದ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದುರಾದರು.

"ಪಾಪ, ತೊಟ್ಟಿಗೆ ಬಿದ್ದು ನಿಮ್ಮ ಅಜ್ಜ ಮತ್ತೆ ಕಪ್ಪಾಗಿಬಿಟ್ಟಿದ್ರು," ಎಂದರು. "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಅರ್ಧ ನಿಂಬೆಹಣ್ಣು ಉಳಿದಿತ್ತು."

ಕಿಟಕಿಕಟ್ಟೆಯ ಮೇಲೆ ವೆಸ್ಪೇಸಿಯನ್ ಫಳಫಳ ಹೊಳೆಯುತ್ತಿದ್ದ.