ತೊಟ್ಟಿ ಎಷ್ಟು ಹೊತ್ತಿಗೆ ತುಂಬೀತು?

ಎಲ್ಲ ರಾದ್ಧಾಂತಕ್ಕೂ ಮೂಲ ಆ ಕೆಳಗಿನ ನಲ್ಲಿ. ತುಂಬುತ್ತಿರುವ ತೊಟ್ಟಿಯ ಕೆಳಗಿನ ನಲ್ಲಿಯನ್ನು ಯಾವ ಪುಣ್ಯಾತ್ಮ ತೆರೆದಿಟ್ಟನೋ, ಏಳನೇ ತರಗತಿಯ ಗಣಿತದ ಪುಸ್ತಕ ಬರೆದವರಿಗೇ ಗೊತ್ತು. ಆ ನಲ್ಲಿ ಸಂಜೆಯೊಳಗೆ ತಮ್ಮ ಮಾನವನ್ನು ಮೂರು ಮಹಡಿಯ ಮೆಟ್ಟಿಲ ಮೇಲೆ ಹರಿಸೀತೆಂದು, ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಕೂತ ಕನ್ನಡಕದಂಗಡಿಯವರಿಗೆ ಹೇಗೆ ತಿಳಿಯಬೇಕು?

ಅಂದು ಅಂಗಡಿಗೆ ವಾರದ ರಜೆ, ಮಗಳಿಗೆ ಶಾಲೆಯ ರಜೆ. ರಜೆ ಅಂದರೆ ಹಿಂದೆ ರಜೆಯೇ ಆಗಿತ್ತು. ಈಗ ಹಾಗಲ್ಲ. ಆಟವಾಡಿಕೊಂಡಿದ್ದರೆ ಮಕ್ಕಳು ಕಲಿತದ್ದನ್ನೆಲ್ಲ ಮರೆತುಬಿಡುತ್ತಾರಂತೆ, ಅದಕ್ಕೆ ರಜೆಯಲ್ಲೂ ದಿನಾ ಲೆಕ್ಕ ಮಾಡಬೇಕಂತೆ. ಅದೂ ಮನೆಯ ಹಿರಿಯರೊಬ್ಬರ ಜೊತೆ ಕೂತು. ಶಾಲೆಯವರು ಸಂಬಳ ತೆಗೆದುಕೊಂಡು ಮಾಡುವ ಕೆಲಸವನ್ನು ತಂದೆತಾಯಿ ಬಿಟ್ಟಿಯಾಗಿ ಮಾಡಬೇಕೆಂಬುದು ಯಾವ ನ್ಯಾಯ ಎಂದು ಕನ್ನಡಕದವರು ತಟ್ಟೆಯನ್ನೇ ಕೇಳಿದರು.

ತಟ್ಟೆ ಉತ್ತರ ಕೊಡಲಿಲ್ಲ. ಹೆಂಡತಿ ಕೊಟ್ಟರು. "ನಿಮಗೇನೂ ತೊಂದ್ರೆ ಬೇಡ ಬಿಡಿ. ಅಣ್ಣ ಸಂಜೆ ಬರ್ತಾನೆ. ರಜೆ ಮುಗಿಯೋವರೆಗೂ ಇಲ್ಲೇ ಇದ್ದು ಇವಳಿಗೆ ಲೆಕ್ಕ ಹೇಳ್ಕೊಡ್ತೀನಿ ಅಂದಿದಾನೆ."

ಕನ್ನಡಕದವರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಹೆಂಡತಿಯ ಅಣ್ಣ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಕಳೆದ ರಜೆಯಲ್ಲಿ ಬಂದು ಮನೆಯ ಒಂದೇ ಒರಗು ಕುರ್ಚಿಯಲ್ಲಿ ಕೂತವರು ರಜೆ ಮುಗಿದ ಮೇಲೆಯೇ ಎದ್ದದ್ದು. ಕೋಳಿಗಿಂತ ಮುಂಚೆ ಎದ್ದು ಕಿಟಕಿಗಳನ್ನೆಲ್ಲ ತೆರೆಯುವುದು, ಹಲ್ಲುಜ್ಜುತ್ತಿರುವವರ ಹಿಂದೆ ಬಂದು ನಿಂತು "ಹದಿನೇಳೆಂಟ್ಲಿ?" ಎಂದು ಕೇಳುವುದು, ಬಾಯಲ್ಲಿ ನೊರೆಯಿದ್ದವರು ಹೇಳಲಾರದೆ ಹೋದರೆ ತಾವೇ ಉತ್ತರ ಹೇಳಿ ನಗುವುದು, ಇವೆಲ್ಲ ಅವರ ವಿನೋದಗಳು. ಆ ನಗು ನೆನಪಾದರೆ ಕನ್ನಡಕದವರಿಗೆ ಈಗಲೂ ಹಲ್ಲುಜ್ಜಲು ಮನಸ್ಸಾಗುವುದಿಲ್ಲ.

"ಈ ಮನೇಲಿ ನಾನು ಒಬ್ಬ ಗಂಡಸು ಬದುಕಿದೀನಿ," ಎಂದರು ಕನ್ನಡಕದವರು. ಏಳನೇ ತರಗತಿಯಲ್ಲಿ ಲೆಕ್ಕಕ್ಕೆ ತಮಗೆ ನೂರಕ್ಕೆ ನೂರು ಬಂದಿತ್ತು ಎಂಬುದನ್ನು ಮದುವೆಯಾದಂದಿನಿಂದ ಹೇಳುತ್ತ ಬಂದಿದ್ದರು, ಈಗ ಇನ್ನೊಮ್ಮೆ ಹೇಳಿದರು. ಹೆಂಡತಿ ಹಾಗಾದರೆ ಸರಿ ಎಂದು ಒಂದು ಒಪ್ಪಂದಕ್ಕೆ ಬಂದರು. ಶಾಲೆಯಿಂದ ಕೊಟ್ಟಿರುವ ಇವತ್ತಿನ ಲೆಕ್ಕವನ್ನು ಅಣ್ಣ ಬರುವುದರೊಳಗೆ ಇವರು ಸರಿಯಾಗಿ ಮಾಡಿ ತೋರಿಸಿದರೆ, ಅಣ್ಣ ಕಾಫಿ ಕುಡಿದು ಬಂದ ದಾರಿಯಲ್ಲೇ ಹೋಗುತ್ತಾನೆ. ಇಲ್ಲದಿದ್ದರೆ ಒರಗು ಕುರ್ಚಿ ಅಣ್ಣನದು.

ಗೆದ್ದೇ ಬಿಟ್ಟೆ ಎಂಬ ಹುಮ್ಮಸ್ಸಿನಲ್ಲಿ ಕನ್ನಡಕದವರು ಮಗಳನ್ನು ಕರೆದು, ಮೇಲಿನ ಮನೆಗೂ ಕೆಳಗಿನ ಮನೆಗೂ ಕೇಳುವ ಹಾಗೆ ಒಂದು ನಿಯಮ ಹೊರಡಿಸಿದರು. "ಈ ಮನೇಲಿ ಲೆಕ್ಕ ಬರದೇ ಇರೋರು ಯಾರೇ ಆಗ್ಲಿ, ಬೆಳಕು ಹರಿಯೋ ಮುಂಚೆ ಎದ್ದು ಕೂತು ಕಲೀಬೇಕು. ಬರೋವರೆಗೂ ಟಿವಿ ಇಲ್ಲ, ಫೋನೂ ಇಲ್ಲ. ಗೊತ್ತಾಯ್ತಾ?"

ಮಗಳು ಗೊತ್ತಾಯಿತೆಂದು ತಲೆಯಾಡಿಸಿದಳು. "ಅಪ್ಪ, ಈ ಲೆಕ್ಕ ನೀನು ಮಾಡ್ಬೇಕು. ಮೇಡಂ ಹೇಳಿದಾರೆ, ನೀನು ಮಾಡ್ತಾ ಇರುವಾಗ ನಾನು..."

"ನೀನು ಸುಮ್ನೆ ನೋಡು. ನೋಡಿ ಕಲಿ," ಎಂದರು ಕನ್ನಡಕದವರು. ಮಗಳು ಗಲ್ಲಕ್ಕೆ ಕೈಕೊಟ್ಟು ನೋಡಲು ಕೂತಳು.

ಲೆಕ್ಕ ಇದು. ಒಂದು ತೊಟ್ಟಿಗೆ ಎರಡು ನಲ್ಲಿ. ಮೊದಲನೆಯದು ಮೂರು ಗಂಟೆಯಲ್ಲಿ ತೊಟ್ಟಿ ತುಂಬುತ್ತದೆ, ಎರಡನೆಯದು ಆರು ಗಂಟೆಯಲ್ಲಿ. ಕೆಳಗಿನ ಇನ್ನೊಂದು ನಲ್ಲಿ ತುಂಬಿದ ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಮೂರನ್ನೂ ಒಟ್ಟಿಗೆ ತೆರೆದರೆ ತೊಟ್ಟಿ ತುಂಬಲು ಎಷ್ಟು ಹೊತ್ತು?

"ಇಷ್ಟೇನಾ?" ಎಂದ ಕನ್ನಡಕದವರು ಮೂರಕ್ಕೆ ಆರು ಕೂಡಿಸಿ ನಾಲ್ಕು ಕಳೆದು, ಐದು ಗಂಟೆ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

"ಯಾಕೆ ಕೂಡಿಸ್ದೆ ಅಪ್ಪ?" ಎಂದಳು ಮಗಳು. ಎಷ್ಟು ಜಾಣ ಪ್ರಶ್ನೆ ಕೇಳುತ್ತದೆ ಮಗು ಎಂದು ಅವರು ಹಿಗ್ಗಿ, ತುಂಬುವುದನ್ನು ಕೂಡಿಸಬೇಕು, ಸೋರುವುದನ್ನು ಕಳೆಯಬೇಕು, ಸಂಸಾರವೂ ಹೀಗೇ ಎಂದು ವಿಸ್ತಾರವಾಗಿ ವಿವರಿಸಿದರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, ಒಂದೇ ನಲ್ಲಿ ಮೂರು ಗಂಟೆಯಲ್ಲಿ ತುಂಬಿಸುವ ತೊಟ್ಟಿಗೆ ಇನ್ನೊಂದನ್ನೂ ಬಿಟ್ಟರೆ ಒಂಬತ್ತು ಗಂಟೆ ಹಿಡಿಯುತ್ತದೆಯೇ ಎಂದು ಕೇಳಿದರು. ಕನ್ನಡಕದವರು ಎರಡು ಗೆರೆಯ ಮೇಲೆ ಇನ್ನೆರಡು ಗೆರೆ ಎಳೆದು ಉತ್ತರವನ್ನು ಹೊಡೆದುಹಾಕಿದರು.

ಆಮೇಲೆ ಗುಣಿಸಿದರು, ಭಾಗಿಸಿದರು. ಒಮ್ಮೆ ಎಪ್ಪತ್ತೆರಡು ಗಂಟೆ ಬಂತು, ಇನ್ನೊಮ್ಮೆ ಸೊನ್ನೆಗಿಂತ ಕಡಿಮೆ ಬಂತು. ಪ್ರತಿಸಲವೂ ಮಗಳು "ಯಾಕೆ ಹಾಗೆ ಮಾಡ್ದೆ ಅಪ್ಪ?" ಎಂದು ಮೆತ್ತಗೆ ಕೇಳುತ್ತಿದ್ದಳು. ಕೊನೆಗೆ ಕನ್ನಡಕದವರಿಗೆ ಸಿಟ್ಟು ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನಬೇಡಿ, ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ತೊಟ್ಟಿ ತುಂಬಿಸುವಾಗ ಕೆಳಗಿನ ನಲ್ಲಿ ತೆರೆದಿಡುವ ಮೂರ್ಖ ಯಾರು? ಅವನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ? ಅಂಥವನ ಮನೆಯ ತೊಟ್ಟಿ ತುಂಬಿದರೆಷ್ಟು, ಬಿಟ್ಟರೆಷ್ಟು?

ಈ ಪ್ರಶ್ನೆಗಳನ್ನು ಅವರು ಬಾಗಿಲಲ್ಲಿ ನಿಂತು ಕೇಳಿದ್ದರಿಂದ ಕೆಳಗಿನ ಮನೆಯ ನಿವೃತ್ತ ಲೆಕ್ಕಾಧಿಕಾರಿಗಳು ಮೇಲೆ ಹತ್ತಿ ಬಂದರು. ಕಟ್ಟಡದ ಸಂಘಕ್ಕೆ ಅಧ್ಯಕ್ಷರೂ ಅವರೇ. ಕಾಗದವನ್ನು ದೂರ ಹಿಡಿದು ಓದಿ, ಇಂಥದ್ದೆಲ್ಲ ಸರಾಸರಿಯ ವಿಷಯ, ಮೂರು ಮತ್ತು ಆರರ ಸರಾಸರಿ ನಾಲ್ಕೂವರೆ, ಅದರಲ್ಲಿ ನಾಲ್ಕು ಕಳೆದರೆ ಅರ್ಧ ಗಂಟೆ ಎಂದು ತೀರ್ಪು ಕೊಟ್ಟರು. ಅವರು ಅಷ್ಟು ವರ್ಷ ಇದ್ದ ಕಚೇರಿಯ ಗತಿ ಏನಾಗಿರಬಹುದು ಎಂದು ಕನ್ನಡಕದವರಿಗೆ ಆ ಗಳಿಗೆಯಲ್ಲಿ ಕನಿಕರ ಹುಟ್ಟಿತು.

ಮೇಲಿನ ಮನೆಯ ಟೈಲರಮ್ಮ ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಇಳಿದು ಬಂದರು. ಅವರದು ಒಂದೇ ಮಾತು: ಮೊದಲು ಆ ಕೆಳಗಿನ ನಲ್ಲಿ ಮುಚ್ಚಿ, ಆಮೇಲೆ ಲೆಕ್ಕ ಕೇಳಿ. ಮುಚ್ಚುವ ಹಾಗಿಲ್ಲ, ಪುಸ್ತಕದಲ್ಲಿ ತೆರೆದಿದೆ ಎಂದರೆ, ಪುಸ್ತಕದಲ್ಲಿದ್ದರೆ ನೀರು ಪೋಲು ಮಾಡಬಹುದೇ ಎಂದು ಅವರು ಜಗಳಕ್ಕೇ ನಿಂತರು. ಅರ್ಧ ಗಂಟೆ ಎಂದು ಅಧಿಕಾರಿಗಳು, ಮುಚ್ಚಿ ಎಂದು ಟೈಲರಮ್ಮ. ನಡುವೆ ಕನ್ನಡಕದವರು ಗಡಿಯಾರ ನೋಡಿದರು. ಮಧ್ಯಾಹ್ನವಾಗುತ್ತ ಬಂದಿತ್ತು. ಒರಗು ಕುರ್ಚಿ ಕಣ್ಣ ಮುಂದೆ ಕೈತಪ್ಪಿ ಹೋಗುತ್ತಿತ್ತು.

ಆಗ ಅವರಿಗೆ ಆ ಹಾಳು ಉಪಾಯ ಹೊಳೆಯಿತು. ತಾರಸಿಯ ಮೇಲೆ ಕಟ್ಟಡದ ತೊಟ್ಟಿ ಇದೆ. ಅದಕ್ಕೂ ಎರಡು ಕೊಳವೆ, ಒಂದು ಬೀದಿಯ ನೀರಿನದು, ಇನ್ನೊಂದು ಬಾವಿಯ ಮೋಟರಿನದು. ತೊಳೆಯುವಾಗ ಖಾಲಿ ಮಾಡಲು ಕೆಳಗೊಂದು ನಲ್ಲಿಯೂ ಇದೆ. ಕಾಗದದ ಮೇಲೆ ಯಾಕೆ ಒದ್ದಾಡಬೇಕು? ಮೂರನ್ನೂ ತೆರೆದು ಗಡಿಯಾರ ನೋಡಿದರಾಯಿತು.

"ಅಪ್ಪ, ನಮ್ಮ ತೊಟ್ಟಿ ಆ ತೊಟ್ಟಿ ಅಲ್ವಲ್ಲ," ಎಂದಳು ಮಗಳು.

"ನೀರು ಎಲ್ಲಾದ್ರೂ ನೀರೇ ಕಣಮ್ಮ," ಎಂದರು ಕನ್ನಡಕದವರು. ಅಧ್ಯಕ್ಷರು ಆಗಲೇ ತಾರಸಿಯ ಬೀಗದ ಕೈ ತರಲು ಇಳಿದಿದ್ದರು. ಟೈಲರಮ್ಮ ಬೈಯುತ್ತಲೇ ಹಿಂದೆ ಹತ್ತಿದರು.

ಲೆಕ್ಕ ಖಾಲಿ ತೊಟ್ಟಿಯಿಂದ ಶುರುವಾಗಬೇಕಲ್ಲ, ಆದ್ದರಿಂದ ಬೆಳಿಗ್ಗೆ ತುಂಬಿದ್ದ ತೊಟ್ಟಿಯನ್ನು ಮೊದಲು ಖಾಲಿ ಮಾಡಬೇಕೆಂದು ಅಧಿಕಾರಿಗಳು ಅಪ್ಪಣೆ ಕೊಟ್ಟರು. ವರ್ಷಗಟ್ಟಲೆ ಯಾರೂ ಮುಟ್ಟದ ನಲ್ಲಿ, ತುಕ್ಕು ಹಿಡಿದು ಬಿಗಿದಿತ್ತು. ಕನ್ನಡಕದವರು ಒಂದು ಕಾಲನ್ನು ತೊಟ್ಟಿಗೆ ಒದೆಗೊಟ್ಟು, ಭಾವಮೈದುನನ ನಗುವನ್ನು ನೆನೆದು, ಇದ್ದ ಶಕ್ತಿಯನ್ನೆಲ್ಲ ಬಿಟ್ಟು ತಿರುಗಿಸಿದರು. ನಲ್ಲಿ ತೆರೆಯಿತು. ಅದರ ಹಿಡಿ ಅವರ ಕೈಗೇ ಬಂತು.

ನೀರು ಭೋರೆಂದು ತಾರಸಿಗೆ ನುಗ್ಗಿತು. ತಾರಸಿಯಿಂದ ಕೆಳಗೆ ಇಳಿಯಬೇಕಾದ ಕಿಂಡಿಯಲ್ಲಿ ಟೈಲರಮ್ಮನ ಮನೆಯ ಬಟ್ಟೆಚೂರುಗಳು ಸೇರಿಕೊಂಡಿದ್ದವು, ಅದರ ಮೇಲೆ ಅಧ್ಯಕ್ಷರ ಹೂಕುಂಡ ಕೂತಿತ್ತು. ದಾರಿ ಕಾಣದ ನೀರು ಸಭ್ಯ ಮನುಷ್ಯರ ಹಾಗೆ ಮೆಟ್ಟಿಲಿಳಿದು ಹೊರಟಿತು. ಕನ್ನಡಕದವರು ಹಿಡಿಯನ್ನು ಮತ್ತೆ ಸಿಕ್ಕಿಸಲು ನೋಡಿದರು, ಕೂರಲಿಲ್ಲ. ಕರವಸ್ತ್ರ ತುರುಕಿದರು, ಅದು ಹರಿದುಕೊಂಡು ಹೋಯಿತು. ಬೀದಿಯ ನೀರು ಆ ಹೊತ್ತಿಗೆ ನಿಂತುಹೋಗಿತ್ತು. ಪ್ರಯೋಗ ಕೆಡಬಾರದೆಂದು ಅಧಿಕಾರಿಗಳು ಹಾಕಿ ಬಂದಿದ್ದ ಮೋಟರು ಮಾತ್ರ ನಿಷ್ಠೆಯಿಂದ ಬಾವಿಯ ನೀರನ್ನೂ ತಂದು ಮೆಟ್ಟಿಲಿಗೇ ಸುರಿಯುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುತ್ತಾರಲ್ಲ, ಇಲ್ಲಿ ಹುಣಸೆಹಣ್ಣೂ ಇರಲಿಲ್ಲ.

ಅದೇ ಗಳಿಗೆಯಲ್ಲಿ ಕೆಳಗೆ ಮೆಟ್ಟಿಲ ಮೇಲೆ ಏನೋ ಭಾರವಾದದ್ದು ಬಿದ್ದ ಸದ್ದು ಕೇಳಿತು. ಸಂಜೆ ಬರಬೇಕಾದ ಲೆಕ್ಕದ ಮೇಷ್ಟ್ರು ಮಧ್ಯಾಹ್ನವೇ ಬಂದಿದ್ದರು. ಬ್ಯಾಗನ್ನು ಅಪ್ಪಿಕೊಂಡು, ಕನ್ನಡಕ ಒಂದು ಕಿವಿಗೆ ನೇತಾಡುತ್ತ, ನೀರು ಹರಿಯುವ ಮೆಟ್ಟಿಲ ಮೇಲೆ ಕೂತಿದ್ದರು. ಬಿದ್ದಿಲ್ಲ, ಸುಮ್ಮನೆ ಸುಧಾರಿಸಿಕೊಳ್ಳುತ್ತಿದ್ದೇನೆ ಎಂದರು.

ಮೋಟರು ಆರಿಸಿ, ಕೊಳಾಯಿ ರಿಪೇರಿಯವನಿಗೆ ಫೋನು ಮಾಡಿದರೆ ನಾಳೆ ಬರುತ್ತೇನೆ ಎಂದ. ಕಟ್ಟಡದಲ್ಲಿ ಕುಡಿಯಲು ಒಂದು ಲೋಟ ನೀರಿಲ್ಲ, ಮೆಟ್ಟಿಲ ಮೇಲೆ ಮಾತ್ರ ಬೇಕಾದಷ್ಟಿದೆ. ಮಂದಿಯೆಲ್ಲ ಕನ್ನಡಕದವರ ಮನೆಯಲ್ಲಿ ಸೇರಿದರು. ಬೀಗ ತೆಗೆದವರು, ಅಪ್ಪಣೆ ಕೊಟ್ಟವರು, ಮೋಟರು ಹಾಕಿದವರು ಅಧಿಕಾರಿಗಳು. ಕಿಂಡಿಗೆ ಚೂರು ಬಿಟ್ಟವರು ಟೈಲರಮ್ಮ. ಈಗ ನೋಡಿದರೆ ಇಬ್ಬರೂ ಬರೀ ನೋಡಲು ಬಂದವರಂತೆ. "ತೊಟ್ಟಿ ತುಂಬಿಸುವಾಗ ಕೆಳಗಿನ ನಲ್ಲಿ ತೆಗೆಯೋ ಮೂರ್ಖ ಯಾರು ಅಂತ ಬೆಳಿಗ್ಗೆಯಿಂದ ನೀವೇ ಕೇಳ್ತಿದ್ರಲ್ಲ ಕನ್ನಡಕದೋರೆ," ಎಂದರು ಅಧಿಕಾರಿಗಳು. ಮುರಿದ ಹಿಡಿ ಇನ್ನೂ ಕೈಯಲ್ಲೇ ಇದ್ದುದರಿಂದ ಕನ್ನಡಕದವರು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಮೇಷ್ಟ್ರು ಕಾಗದ ತೆಗೆದು ನೋಡಿದರು. "ಎಲ್ಲಿ ಮರಿ, ಇದು ನಿಂಗೆ ಬರಲ್ವಾ?"

"ಬರುತ್ತಲ್ಲ ಮಾವ," ಎಂದಳು ಮಗಳು. "ಮೊದಲನೇದು ಒಂದು ಗಂಟೇಲಿ ಮೂರರಲ್ಲೊಂದು ಪಾಲು ತುಂಬುತ್ತೆ, ಎರಡನೇದು ಆರರಲ್ಲೊಂದು ಪಾಲು. ಸೇರಿದ್ರೆ ಗಂಟೆಗೆ ಅರ್ಧ ತೊಟ್ಟಿ. ಕೆಳಗಿನದು ಗಂಟೆಗೆ ಕಾಲು ತೊಟ್ಟಿ ಖಾಲಿ ಮಾಡುತ್ತೆ. ಉಳಿಯೋದು ಕಾಲು. ಅಂದ್ರೆ ನಾಲ್ಕು ಗಂಟೆ."

ಕನ್ನಡಕದವರು ಮುರಿದ ಹಿಡಿಯನ್ನು ಮೇಜಿನ ಮೇಲೆ ಕುಕ್ಕಿದರು. "ಗೊತ್ತಿದ್ರೆ ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳೋ ಹಾಗಿಲ್ಲ ಅಪ್ಪ. ಈ ಲೆಕ್ಕ ನಾವು ಶಾಲೇಲೇ ಮಾಡಿದೀವಿ. ಇದನ್ನ ಮನೇಲಿ ದೊಡ್ಡವರಿಗೆ ಕೊಡ್ಬೇಕು, ಎಲ್ಲಿ ತಪ್ತಾರೆ ನೋಡ್ಬೇಕು, ತಿದ್ದಬಾರ್ದು, ಯಾಕೆ ಹಾಗೆ ಮಾಡಿದ್ರಿ ಅಂತ ಮಾತ್ರ ಕೇಳ್ಬೇಕು ಅಂದಿದಾರೆ ಮೇಡಂ. ಬೇರೆಯೋರ ತಪ್ಪು ಗೊತ್ತಾದ್ರೆ ನಾವು ತಪ್ಪಲ್ವಂತೆ. ಶಾಲೆ ಶುರುವಾದ ಮೇಲೆ ಎಲ್ಲರ ಎದುರು ಹೇಳ್ಬೇಕು." ಆಮೇಲೆ ಅಪ್ಪನಿಗೆ ಸಮಾಧಾನವಾಗಲೆಂದು, "ನಿನ್ನಷ್ಟು ಥರ ಯಾರೂ ತಪ್ಪಿರಲ್ಲ ಅಪ್ಪ, ನಂದೇ ಫಸ್ಟ್ ಬರುತ್ತೆ," ಎಂದಳು.

ಹೆತ್ತ ಮಗಳು! ಬೆಳಿಗ್ಗೆಯಿಂದ ಪಕ್ಕದಲ್ಲೇ ಕೂತು, ಗಲ್ಲಕ್ಕೆ ಕೈಕೊಟ್ಟು, ತಂದೆಯನ್ನು ಪ್ರಯೋಗಶಾಲೆಯ ಕಪ್ಪೆ ಮಾಡಿದ್ದಳು. ಕನ್ನಡಕದವರು ಶಾಲೆಗೆ ಹೋಗಿ ಆ ಮೇಡಂನ ಗ್ರಹಚಾರ ಬಿಡಿಸುತ್ತೇನೆ ಎಂದು ಎದ್ದರು. ಆದರೆ ಅಷ್ಟರಲ್ಲಿ ಮೇಷ್ಟ್ರು ತಂಗಿಗೆ ಹೇಳಿದ ಮಾತು ಅವರ ಕಿವಿಗೆ ಜೇನಾಗಿ ಬಿತ್ತು.

"ಮಗುಗೆ ನಾನು ಹೇಳ್ಕೊಡೋಕೆ ಏನೂ ಇಲ್ಲ ಕಣಮ್ಮ. ನಾನು ಸಂಜೆ ಬಸ್ಸಿಗೆ ಹೊರಡ್ತೀನಿ."

ಸಿಟ್ಟೆಲ್ಲ ಇಳಿದುಹೋಯಿತು. ಹೋದ ಮಾನ ಹೋಯಿತು, ಕುರ್ಚಿ ಉಳಿಯಿತು. ಕನ್ನಡಕದವರು ತಾವೇ ಬಾಗಿಲಿಗೆ ಹೋಗಿ ಭಾವಮೈದುನನ ಒದ್ದೆ ಬೂಟುಗಳನ್ನು ಒರೆಸಿ ತಂದು ಕಾಲ ಬಳಿ ಇಟ್ಟರು. ಬ್ಯಾಗಿನ ನೀರು ಹಿಂಡಿಕೊಟ್ಟರು.

"ಆದ್ರೆ ಅಪ್ಪ," ಎಂದಳು ಮಗಳು. "ಈ ಮನೇಲಿ ಲೆಕ್ಕ ಬರದೇ ಇರೋರು ಯಾರೇ ಆಗ್ಲಿ ಬೆಳಕು ಹರಿಯೋ ಮುಂಚೆ ಎದ್ದು ಕೂತು ಕಲೀಬೇಕು ಅಂದಿದ್ದೆ."

ಹೌದು ಹೌದು, ನಮ್ಮನೆಗೂ ಕೇಳಿಸಿತು ಎಂದರು ಟೈಲರಮ್ಮ. ಅಧ್ಯಕ್ಷರು ತಮಗೂ ಸ್ಪಷ್ಟವಾಗಿ ಕೇಳಿಸಿತೆಂದು ಸಾಕ್ಷಿ ಹೇಳಿದರು. ಹಾಗಾದರೆ ನೀವೂ ಬಂದು ಕೂರಿ, ನಿಮಗೆಲ್ಲಿ ಬಂತು ಲೆಕ್ಕ ಎಂದು ಕನ್ನಡಕದವರು ಹಾರಾಡಿದರೆ, ನಿಯಮ ನಿಮ್ಮ ಮನೆಯದು ಎಂದು ಇಬ್ಬರೂ ನಯವಾಗಿ ಜಾರಿಕೊಂಡರು. ಮೇಷ್ಟ್ರು ಒಂದು ಕಾಲಿಗೆ ಹಾಕಿದ್ದ ಬೂಟನ್ನು ಮೆಲ್ಲಗೆ ಬಿಚ್ಚಿದರು. ಹೆಂಡತಿ ಒಳಗಿನಿಂದ ಅಣ್ಣನಿಗೆ ಹಾಸಿಗೆ ತಂದರು. ಆ ಒರಗು ಕುರ್ಚಿ ಒಮ್ಮೆ ಕಿರ್ರೆಂದು ಸದ್ದು ಮಾಡಿ ಕಳೆದ ರಜೆಯ ಯಜಮಾನನ ಭಾರವನ್ನು ಹೊತ್ತುಕೊಂಡಿತು. ಮಾಡಿದ್ದುಣ್ಣೋ ಮಹರಾಯ.

ಮರುದಿನ ಇನ್ನೂ ಕತ್ತಲಿರುವಾಗಲೇ ಕಿಟಕಿಗಳೆಲ್ಲ ತೆರೆದುಕೊಂಡವು. ಊರ ಮಂದಿಯ ಕಣ್ಣು ಸರಿಮಾಡುವ ಮನುಷ್ಯ ತಮ್ಮ ಕಣ್ಣನ್ನು ಬಿಡಿಸಲಾರದೆ ಬಿಡಿಸಿ ಮೇಜಿನ ಮುಂದೆ ಕೂತರು. ಮಗಳು ಬೆಚ್ಚಗೆ ಹೊದ್ದು ಮಲಗಿದ್ದಳು, ಅವಳಿಗೆ ರಜೆ.

"ಒಂದು ತೊಟ್ಟಿಗೆ ಎರಡು ನಲ್ಲಿ," ಎಂದು ಶುರುಮಾಡಿದರು ಮೇಷ್ಟ್ರು.

"ಮೊದ್ಲು ಇದನ್ನ ಹೇಳಿ," ಎಂದರು ಕನ್ನಡಕದವರು ಕೆರಳಿ. "ಕೆಳಗಿನ ನಲ್ಲಿ ಮುಚ್ಚಿದೆಯೋ ಇಲ್ವೋ?"

"ಇಲ್ಲ," ಎಂದರು ಮೇಷ್ಟ್ರು. "ಅದರ ಹಿಡಿ ಯಾರೋ ಮುರಿದಿದಾರೆ."