ನಾಲ್ಕು ಬೆರಳು ಹೆಚ್ಚಿಗೆ ಬೆಳೆದ ಬೈಕಿನ ಗಾಜಿಗೆ

ಮಾನ್ಯ ಗಾಜಿನವರೇ,

ತಮ್ಮ ಮೈಗೆ ಗೀರು ಬೀಳದಿರಲಿ, ನಟ್ಟು ಬೋಲ್ಟು ಸಡಿಲವಾಗದಿರಲಿ, ಮೇಲೆ ಹಾರುವ ಕಾಗೆಗಳು ತಮ್ಮನ್ನು ಬಿಟ್ಟು ಪಕ್ಕದ ಗಾಡಿಯ ಮೇಲೆ ಕೃಪೆ ಮಾಡಲಿ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಮರ್ಯಾದೆ. ಆದರೆ ಬೈಕಿನ ಹಿಂದಿನ ಸೀಟಿನಿಂದ ಇಳಿಸಿ ಮನೆಯಲ್ಲಿ ಕೂರಿಸಿದ ಮುದುಕಿ ಹಾಗೆ ಬರೆದರೆ ಪೆನ್ನೇ ನಕ್ಕೀತು, ಅದಕ್ಕೇ ಆ ಸಾಲು ಬಿಟ್ಟಿದ್ದೇನೆ. ಲೋಕದ ಹಿಂದಿನ ಸೀಟಿನವರೆಲ್ಲ ಓದಲಿ ಎಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೆಸರಿಗೆ ತಾವು ಗಾಜು, ಹುಟ್ಟಿನಿಂದ ಪ್ಲಾಸ್ಟಿಕ್ಕು. ಇರಲಿ, ಹುಟ್ಟು ಕೇಳಿ ಯಾರನ್ನೂ ಹೀಗಳೆಯಬಾರದು. ತಾವು ನಮ್ಮನೆಯವರ ಹಳೇ ಬೈಕಿನ ಮುಂದೆ ಬಂದು ನಿಂತು ಎರಡು ತಿಂಗಳಾಯಿತು. ನಾನು ಅದರ ಹಿಂದೆ ಕೂತು ಮೂವತ್ತೊಂದು ವರ್ಷವಾಯಿತು. ನಮ್ಮನೆಯವರು ದರ್ಜಿ. ಅಂಗಡಿ ಹನ್ನೊಂದು ಕಿಲೋಮೀಟರ್ ದೂರ. ಅವರು ಕತ್ತರಿಸಿ ಹೊಲಿಯುತ್ತಾರೆ, ನಾನು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಕಾಜಾ ಗುಂಡಿ ಮಾಡುತ್ತೇನೆ, ಜೊತೆಗೆ ಬೀದಿಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಸೊಸೆಗೆ ಕೆಲಸ ಸಿಕ್ಕಿತು ಎಂಬುದನ್ನೂ ನೋಡಿಕೊಳ್ಳುತ್ತೇನೆ. ಸಂಬಳವಿಲ್ಲದ ಈ ಎರಡನೇ ಕೆಲಸವೇ ನನಗೆ ಹೆಚ್ಚು ಇಷ್ಟ.

ಮೊದಲು ತಮ್ಮ ಉಪಕಾರ ಹೇಳಿಬಿಡುತ್ತೇನೆ, ಆಮೇಲೆ ಮರೆತೆ ಎನ್ನಬಾರದು. ತಾವು ಬರುವ ಮುಂಚೆ ಬೆಳಗಿನ ಚಳಿಗಾಳಿ ನೇರವಾಗಿ ಇವರ ಎದೆಗೆ ಹೊಡೆದು, ಅಂಗಡಿ ತೆಗೆದು ಎರಡು ತಾಸಾದರೂ ಕೆಮ್ಮು ನಿಲ್ಲುತ್ತಿರಲಿಲ್ಲ. ಕೆಮ್ಮಿದಾಗೆಲ್ಲ ಕತ್ತರಿ ಹಾರಿ, ಒಬ್ಬ ಮೇಷ್ಟರ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ತಾವು ಬಂದ ಮೇಲೆ ಕೆಮ್ಮು ಗಂಟುಮೂಟೆ ಕಟ್ಟಿಕೊಂಡು ಹೋಯಿತು. ಇದೊಂದಕ್ಕೇ ತಾವಿನ್ನೂ ಗುಜರಿ ಸೇರಿಲ್ಲ ಎಂಬುದನ್ನು ದಯವಿಟ್ಟು ನೆನಪಿಡತಕ್ಕದ್ದು.

ಆದರೆ ಮುಂದಿನವರ ಎದೆಗೆ ತಪ್ಪಿದ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ತಾವು ಯಾವತ್ತಾದರೂ ಹಿಂದಿರುಗಿ ನೋಡಿದ್ದುಂಟೇ? ತಮ್ಮ ನೆತ್ತಿ ಹತ್ತಿ, ಇವರ ತಲೆ ದಾಟಿ, ಸೀದಾ ನನ್ನ ಹೆಲ್ಮೆಟ್ಟಿಗೆ ಬಂದು ದಬದಬ ಬಡಿಯುತ್ತದೆ. ಹನ್ನೊಂದು ಕಿಲೋಮೀಟರ್ ತಲೆಯ ಮೇಲೆ ಯಾರೋ ಕಂಬಳಿ ಒಗೆದ ಹಾಗೆ. ತಮ್ಮ ಮೇಲಂಚು ಇವರ ಹುಬ್ಬಿನ ಮಟ್ಟಕ್ಕೆ ಬರುವುದರಿಂದ, ಸಂಜೆ ಬಿಸಿಲು ತಮ್ಮ ಮೇಲೆ ಬಿದ್ದಾಗ ದಾರಿ ಕಾಣದೆ ಇವರು ಒಂದು ಸಲ ಕೊಕ್ಕರೆಯ ಹಾಗೆ ಕತ್ತು ಚಾಚುತ್ತಾರೆ, ಒಂದು ಸಲ ಆಮೆಯ ಹಾಗೆ ಒಳಗೆಳೆದುಕೊಳ್ಳುತ್ತಾರೆ. ಇದರ ಜೊತೆಗೆ ಲೀಟರಿಗೆ ಐವತ್ತೆರಡು ಕಿಲೋಮೀಟರ್ ಓಡುತ್ತಿದ್ದ ಗಾಡಿ ನಲವತ್ತೈದಕ್ಕೇ ಏದುಸಿರು ಬಿಡತೊಡಗಿತು.

ತಮ್ಮನ್ನು ಮಾರಿದ ಬಿಡಿಭಾಗದ ಅಂಗಡಿಯವನು, ಗಾಳಿ ಸೀಳಿಕೊಂಡು ಹೋಗುತ್ತದೆ, ಪೆಟ್ರೋಲು ಉಳಿದೇ ಉಳಿಯುತ್ತದೆ ಎಂದಿದ್ದ. ಮೈಲೇಜು ಇಳಿಯಿತಲ್ಲಪ್ಪಾ ಎಂದು ಇವರು ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಿಂದೆ ಲೋಡು ಜಾಸ್ತಿ ಇದೆ ಸಾರ್" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೋದ ಸೋಮವಾರದಿಂದ ನನ್ನ ಸೀಟಿಗೆ ಷರಟುಗಳ ಗಂಟು ಹತ್ತಿತು, ಹಗ್ಗ ಬಿಗಿಸಿಕೊಂಡು ಮಹಾರಾಣಿಯ ಹಾಗೆ ಹೋಯಿತು. "ನೀನು ಮನೇಲೇ ಆರಾಮಾಗಿ ಕಾಜಾ ಮಾಡ್ಕೊಂಡಿರೇ, ಸಂಜೆ ತಂದ್ಕೊಡ್ತೀನಿ, ಬೆಳಿಗ್ಗೆ ನಾನೇ ತಗೊಂಡು ಹೋಗ್ತೀನಿ" ಎಂದರು ನಮ್ಮನೆಯವರು. ಆರಾಮ! ಕಿಟಕಿಯಾಚೆ ಒಂದು ನೀರಿನ ಟ್ಯಾಂಕು ಬಿಟ್ಟರೆ ನನಗೆ ಏನೂ ಕಾಣುವುದಿಲ್ಲ, ಮತ್ತು ಟ್ಯಾಂಕು ಯಾರ ಜೊತೆಗೂ ಮಾತು ಬಿಡುವುದಿಲ್ಲ.

ಒಂದು ವಾರ ನಾನಿಲ್ಲದೆ ಓಡಿಸಿದ ಮೇಲೆ ಮೈಲೇಜು ನಲವತ್ತಾರಾಯಿತು. ಇವರು ಹಿಗ್ಗಿ ಹೀರೇಕಾಯಿಯಾದರು. ಮೂವತ್ತೊಂದು ವರ್ಷದ ಸವಾರಿಯಲ್ಲಿ ನನ್ನ ತೂಕ ಒಂದು ಕಿಲೋಮೀಟರ್ ಎಂದು ತಿಳಿದು ನಾನೂ ಧನ್ಯಳಾದೆ. ಉಳಿದ ಆರು ಕಿಲೋಮೀಟರನ್ನು ಯಾರು ನುಂಗಿದರು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳಿದವಳು ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ನಮ್ಮ ಮೊಮ್ಮಗಳು. ತಮ್ಮ ಅಗಲ ಎತ್ತರ ನೋಡಿ, "ಅಜ್ಜೀ, ಇದು ಗಾಜಲ್ಲ, ತಾತ ಗಾಡಿಗೆ ಬಾಗಿಲು ಕಟ್ಕೊಂಡು ಓಡಿಸ್ತಿದಾರೆ, ಗಾಳಿ ತಳ್ಳೋಕೇ ಅರ್ಧ ಪೆಟ್ರೋಲು ಹೋಗುತ್ತೆ. ಇಷ್ಟುದ್ದದ್ದು ಅಂಗಡೀಲೇ ಬರಲ್ಲ, ಯಾರು ಅಳತೆ ಕೊಟ್ಟೋರು?" ಎಂದಳು.

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಎಲ್ಲ ಹೊಳೆಯಿತು, ಮಾನ್ಯರೇ. ಅಳೆದೂ ಸುರಿದೂ ಒಂದು ತಿಂಗಳು ಯೋಚಿಸಿ, ಇವರೇ ಬೈಕಿನ ಮೇಲೆ ಕೂತು, ನನ್ನ ಕೈಯಲ್ಲಿ ಟೇಪು ಹಿಡಿಸಿ, ಮೂಗಿನ ಮಟ್ಟಕ್ಕೆ ಅಳತೆ ತೆಗೆದಿದ್ದರು; ಆಮೇಲೆ ಚೀಟಿಗೆ ಬರೆಯುವಾಗ ನಲವತ್ತು ವರ್ಷದ ಕೈ ಸುಮ್ಮನಿರಲಾರದೆ, ಮೇಲೆ ಮಡಚಿ ಹೊಲಿಯಲು ನಾಲ್ಕು ಬೆರಳು, ಪಕ್ಕದ ಹೊಲಿಗೆಗೆ ಎರಡೆರಡು ಬೆರಳು ಸೇರಿಸಿಬಿಟ್ಟಿದೆ. ಪ್ಯಾಂಟಿಗೆ ಬಿಡುವ ಹಾಗೆ! ಅಂಗಡಿಯವನು ಚೀಟಿಯಲ್ಲಿ ಇದ್ದ ಹಾಗೇ ಮಾಡಿಸಿ ತಂದ. ತಾವು ಮಡಚಲು ಬಾರದೆ, ಹೊಲಿಯಲು ಬಾರದೆ, ಬಿಟ್ಟ ಬಟ್ಟೆಯೆಲ್ಲ ಹೊರಗೆ ಚಾಚಿಕೊಂಡು ನಿಂತಿರಿ.

ಇದನ್ನು ಅವರಿಗೆ ಹೇಳುವವರು ಯಾರು? ಅಳತೆ ತಪ್ಪಿತು ಎಂದರೆ ಗಿರಾಕಿ ದಪ್ಪಗಾದ ಎನ್ನುವ ಜಾತಿ ಅವರದು. ಆದ್ದರಿಂದ ತಮ್ಮಲ್ಲೇ ಬೇಡಿಕೊಳ್ಳುವುದು ಏನೆಂದರೆ: ಒಂದೋ ತಾವು ಸಂಜೆಯ ಬಿಸಿಲಿಗೆ ಮಲ್ಲಿನ ಬಟ್ಟೆಯ ಹಾಗೆ ನಾಲ್ಕು ಬೆರಳು ಕುಗ್ಗತಕ್ಕದ್ದು, ಇಲ್ಲವೇ ನನ್ನ ಪಾಲಿನ ಗಾಳಿಯನ್ನು ದಾರಿಯುದ್ದಕ್ಕೂ ನುಂಗಿಕೊಂಡು ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಊದತಕ್ಕದ್ದು, ಎರಡೂ ಆಗದಿದ್ದರೆ "ನನ್ನದೇ ತಪ್ಪು" ಎಂಬ ಎರಡು ಶಬ್ದವನ್ನು ನಮ್ಮನೆಯವರ ಬಾಯಿಗೆ ಅಭ್ಯಾಸ ಮಾಡಿಸತಕ್ಕದ್ದು. ಮೂರರಲ್ಲಿ ಕುಗ್ಗುವುದೇ ಸುಲಭ ಎಂದು ನನ್ನ ಅನುಭವ.

ಇಷ್ಟು ಬರೆದಿಟ್ಟು, ತಮ್ಮ ಉತ್ತರಕ್ಕೆ ಕಾಯುವ ತಾಳ್ಮೆ ಇಲ್ಲದೆ, ನಿನ್ನೆ ಸಂಜೆ ಇವರು ಸ್ನಾನಕ್ಕೆ ಹೋದಾಗ, ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ತಮ್ಮ ಹಣೆಯಿಂದ ನಾಲ್ಕು ಬೆರಳು ಕೆಳಗೆ ಒಂದು ಗೆರೆ ಎಳೆದೆ. ಇವತ್ತು ಬೆಳಿಗ್ಗೆ ಗಂಟು ಹತ್ತಿಸುವ ಹೊತ್ತಿಗೆ ಹೋಗಿ ನೋಡಿದರೆ ನನ್ನ ಗೆರೆ ಮಾಯ. ಅದಕ್ಕಿಂತ ಅರ್ಧ ಬೆರಳು ಕೆಳಗೆ ಇನ್ನೊಂದು ಗೆರೆ, ಎರಡೂ ಮೂಲೆಯಲ್ಲಿ ಕಾಲರಿನ ಹಾಗೆ ನಯವಾಗಿ ತಿರುಗಿದೆ, ಪಕ್ಕದಲ್ಲೂ ಎರಡೆರಡು ಬೆರಳು ಒಳಗೆ ಸರಿದಿದೆ. ಇವರು ಕನ್ನಡಿ ಒರೆಸುತ್ತಾ, ನನ್ನ ಮುಖ ನೋಡದೆ, "ಗೆರೆ ಎಳೆದೋರಿಗೆ ಅಳತೆ ಗೊತ್ತಿಲ್ಲ" ಎಂದರು. ಹೌದು, ನಿಮ್ಮಷ್ಟು ನಮಗೆಲ್ಲಿ ಬರಬೇಕು ಎಂದೆ. ಆಮೇಲೆ ಅವರು ಗಂಟಿನ ಹಗ್ಗ ಬಿಚ್ಚಿ, ಗಂಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು, "ಹೊತ್ತಾಯ್ತು, ಹತ್ತೇ" ಎಂದರು.

ದಾರಿಯಲ್ಲಿ ತಾವು ಕೊನೆಯ ಸಲ ನನ್ನ ತಲೆಗೆ ಬಡಿದಿರಿ. ಬೈಕು ಈಗ ನಮ್ಮ ಎದುರಿನ ರಿಪೇರಿ ಅಂಗಡಿಯ ಮುಂದೆ ನಿಂತಿದೆ, ಗರಗಸ ಬರುತ್ತಿದೆ. ನೋವಾಗುವುದಿಲ್ಲ, ಹೆದರಬೇಡಿ.

ಸ್ಟೂಲಿನ ಮೇಲಿಂದ, ಬೀದಿ ನೋಡುತ್ತಾ,
ತಮ್ಮ ವಿಶ್ವಾಸಿ,
ಹಿಂದಿನ ಸೀಟಿನ ಅಜ್ಜಿ

ಮರೆತ ಮಾತು: ತಮ್ಮಿಂದ ಕತ್ತರಿಸಿದ ತುಂಡನ್ನು ಬಿಸಾಡುವುದಿಲ್ಲ, ದರ್ಜಿಯ ಮನೆಯಿಂದ ಚೂರು ಹೊರಗೆ ಹೋಗುವ ಪದ್ಧತಿಯಿಲ್ಲ. ಅದನ್ನು ಅಳತೆ ಪುಸ್ತಕದೊಳಗೆ ಪುಟದ ಗುರುತಾಗಿ ಇಡುತ್ತೇನೆ. ಯಾರಾದರೂ ಕೇಳಿದರೆ ಗಿರಾಕಿ ತೆಳ್ಳಗಾದ ಎಂದು ಹೇಳಲು ನಮ್ಮನೆಯವರು ಈಗಾಗಲೇ ತಯಾರಾಗಿದ್ದಾರೆ.